ಬೊಂಬಾಯಿಯ ಕ್ವೀನಿ, ಹಾಲಿವುಡ್ಡಿನ ಮರ್ಲ್ ಒಬೆರಾನ್

2023ರಲ್ಲಿ ಮಲೇಷ್ಯಾದ ನಟಿ ಮಿಶೆಲ್ ಯೋ ಹೆಸರು ಅತ್ಯುತ್ತಮ ನಟಿಯ ಆಸ್ಕರ್ ಪಟ್ಟಿಗೆ ಸೇರಿದಾಗ ಅಮೆರಿಕದ ಪತ್ರಿಕೆಗಳಲ್ಲಿ ಒಂದು ತೊಡಕಿನ ಮಾತು ಕಾಣಿಸಿಕೊಂಡಿತು. ಈ ಪಟ್ಟಿಗೆ ಬಂದ ಮೊದಲ ಏಷ್ಯನ್ ನಟಿ ಎಂದು ಬರೆದು ಮುಗಿಸಬಹುದಿತ್ತು. ಹಾಗೆ ಬರೆಯದೆ, ತನ್ನನ್ನು ತಾನು ಏಷ್ಯನ್ ಎಂದು ಹೇಳಿಕೊಳ್ಳುವವರಲ್ಲಿ ಮೊದಲನೆಯವಳು ಎಂಬರ್ಥದ ಮಾತನ್ನು ಬಳಸಿದರು. ಇಷ್ಟು ಸುತ್ತಿ ಬಳಸಿ ಹೇಳುವುದಕ್ಕೆ ಕಾರಣವಿತ್ತು. 'ದಿ ಡಾರ್ಕ್ ಏಂಜೆಲ್' ಎಂಬ 1935ರ ಚಿತ್ರಕ್ಕಾಗಿ ಇದೇ ಪಟ್ಟಿಯಲ್ಲಿ ಹೆಸರು ಪಡೆದಿದ್ದ ಇನ್ನೊಬ್ಬ ಏಷ್ಯಾದ ಹೆಣ್ಣುಮಗಳು ಇದ್ದಳು. ಅವಳು ಹುಟ್ಟಿದ್ದು ಬೊಂಬಾಯಿಯಲ್ಲಿ, ಬೆಳೆದದ್ದು ಕಲ್ಕತ್ತದಲ್ಲಿ. ಆದರೆ ಅದನ್ನು ಸಾಯುವತನಕ ಒಪ್ಪಿಕೊಳ್ಳಲಿಲ್ಲ. ಆ ವರ್ಷದ ಪ್ರಶಸ್ತಿ ಬೆಟಿ ಡೇವಿಸ್ ಪಾಲಾಯಿತು. ಸೋತವಳ ಹೆಸರು ಮರ್ಲ್ ಒಬೆರಾನ್.

ಆ ಹೆಸರೂ ಅವಳದ್ದಲ್ಲ. 1911ರ ಫೆಬ್ರವರಿ 19ರಂದು ಹುಟ್ಟಿದ ಈ ಕೂಸಿಗೆ ಇಟ್ಟ ಹೆಸರು ಎಸ್ಟೆಲ್ ಮರ್ಲ್ ಓಬ್ರಿಯನ್ ಥಾಂಪ್ಸನ್. ಅದೇ ವರ್ಷ ಐದನೆಯ ಜಾರ್ಜ್ ದೊರೆ ರಾಣಿ ಮೇರಿಯೊಂದಿಗೆ ಹಿಂದೂಸ್ತಾನಕ್ಕೆ ಬಂದು ದಿಲ್ಲಿ ದರ್ಬಾರು ನಡೆಸಿದ. ರಾಣಿ ಬಂದ ವರ್ಷದ ಮಗು ಎಂದು ಮನೆಯವರು 'ಕ್ವೀನಿ' ಎಂದು ಕರೆದರು. ಅವಳನ್ನು ಸಾಕಿದ ಶಾರ್ಲಟ್ ಸೆಲ್ಬಿ ಸಿಲೋನ್ ಮೂಲದ, ಕಪ್ಪು ಮೈಬಣ್ಣದ ಯುರೇಷಿಯನ್ ಹೆಂಗಸು. ತಂದೆ ಎಂದು ಹೇಳಲಾದ ಆರ್ಥರ್ ಥಾಂಪ್ಸನ್ ಇಂಗ್ಲೆಂಡಿನಿಂದ ಬಂದ ಎಂಜಿನಿಯರ್. ಮೊದಲ ಮಹಾಯುದ್ಧದ ಕಾಲದಲ್ಲಿ ಅವನು ತೀರಿಕೊಂಡ.

ಅಂದಿನ ಬೊಂಬಾಯಿಯಲ್ಲಿ ಯುರೇಷಿಯನ್ ಆಗಿ ಹುಟ್ಟುವುದೆಂದರೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ರೈಲ್ವೆ, ತಂತಿ ಇಲಾಖೆ, ಕಸ್ಟಮ್ಸ್ ಕಚೇರಿಗಳ ಕೆಳಹಂತದ ನೌಕರಿಗಳು ಈ ಜನರಿಗಾಗಿಯೇ ಎಂಬಂತಿದ್ದವು. ಬ್ರಿಟಿಷರ ಕ್ಲಬ್ಬಿಗೆ ಪ್ರವೇಶವಿಲ್ಲ. ಹಿಂದೂಸ್ತಾನಿಗಳ ಬೀದಿಯಲ್ಲಿ 'ಅವರು ಬೇರೆ' ಎಂಬ ನೋಟ. 1911ರಲ್ಲೇ ಸರ್ಕಾರ ಇವರನ್ನು 'ಆಂಗ್ಲೋ-ಇಂಡಿಯನ್' ಎಂದು ಅಧಿಕೃತವಾಗಿ ಕರೆಯತೊಡಗಿತು. ಹೆಸರು ಬದಲಾದರೂ ದರ್ಜೆ ಬದಲಾಗಲಿಲ್ಲ. ಈ ಸಮುದಾಯದೊಳಗೂ ಬಣ್ಣಕ್ಕೊಂದು ಮೆಟ್ಟಿಲಿತ್ತು. ಬೆಳ್ಳಗಿರುವವರು ಹೇಗಾದರೂ ಮಾಡಿ ಬಿಳಿಯರ ಸಾಲಿಗೆ ಜಾರಿಕೊಳ್ಳಲು ನೋಡುತ್ತಿದ್ದರು. ಕಪ್ಪಗಿರುವ ಅಕ್ಕ, ಅಮ್ಮ, ಅಜ್ಜಿಯರು ಅಂಥವರ ಮನೆಯ ಹಿತ್ತಲಲ್ಲಿ ಉಳಿಯುತ್ತಿದ್ದರು. ಕ್ವೀನಿಗೆ ಸಿಕ್ಕಿದ್ದು ಬಿಳಿಯ ಮೈಬಣ್ಣ, ಓರೆಯಾದ ದೊಡ್ಡ ಕಣ್ಣುಗಳು, ಕಾಡಿಗೆ ಬಣ್ಣದ ಕೂದಲು.

1917ರಲ್ಲಿ ತಾಯಿ ಮಗಳು ಕಲ್ಕತ್ತಕ್ಕೆ ಬಂದರು. ಲಾ ಮಾರ್ಟಿನಿಯರ್ ಹೆಣ್ಣುಮಕ್ಕಳ ಶಾಲೆಯಲ್ಲಿ ಧರ್ಮಾರ್ಥದ ಸೀಟು ಸಿಕ್ಕಿತು. ಆದರೆ ಮಿಶ್ರ ರಕ್ತದವಳೆಂಬ ಚುಚ್ಚುಮಾತು ತಡೆಯಲಾರದೆ ಹುಡುಗಿ ಶಾಲೆ ಬಿಟ್ಟಳು. ಮುಂದಿನ ಓದು ಮನೆಯಲ್ಲೇ. ಸ್ವಲ್ಪ ದೊಡ್ಡವಳಾದ ಮೇಲೆ ಟೆಲಿಫೋನ್ ಆಪರೇಟರ್ ಕೆಲಸ ಹಿಡಿದಳು. ಸಂಜೆ ಹವ್ಯಾಸಿ ನಾಟಕ ಸಂಘ, ರಾತ್ರಿ ಫಿರ್ಪೋ ರೆಸ್ಟೋರೆಂಟಿನ ಕುಣಿತ. ಹಗಲೆಲ್ಲ ತಂತಿಯ ಮೂಲಕ ಸಾಹೇಬರ ದನಿಗಳನ್ನು ಒಂದಕ್ಕೊಂದು ಜೋಡಿಸುತ್ತಿದ್ದ ಈ ಹುಡುಗಿ ಅವರ ಉಚ್ಚಾರಣೆಯನ್ನು ಎಷ್ಟು ಗಮನವಿಟ್ಟು ಕೇಳಿಸಿಕೊಂಡಿರಬಹುದು ಎಂದು ನನಗನ್ನಿಸುತ್ತದೆ. ಮುಂದೆ ಅವಳ ಬದುಕು ನಿಂತದ್ದೇ ಆ ಉಚ್ಚಾರಣೆಯ ಮೇಲೆ.

ಕಲ್ಕತ್ತದಲ್ಲಿ ಬೆನ್ ಫಿನ್ನಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಹಿಂದೆ ಸಿನಿಮಾದಲ್ಲಿ ನಟಿಸಿದ್ದವನು, ಕರ್ನಲ್ ಎಂದು ಕರೆಸಿಕೊಳ್ಳುತ್ತಿದ್ದವನು. ಪರಿಚಯ ಪ್ರೇಮಕ್ಕೆ ತಿರುಗಿತು. ಒಂದು ದಿನ ಮನೆಗೆ ಬಂದವನು ಶಾರ್ಲಟ್‌ಳನ್ನು ನೋಡಿದ. ಆಕೆಯ ಮೈಬಣ್ಣವೇ ಅವನಿಗೆ ಎಲ್ಲವನ್ನೂ ಹೇಳಿತು, ಪ್ರೇಮ ಅಲ್ಲಿಗೆ ಮುಗಿಯಿತು. ಆದರೂ ಫ್ರಾನ್ಸಿಗೆ ಬಂದರೆ ನೀಸ್ ಪಟ್ಟಣದ ವಿಕ್ಟೋರಿನ್ ಸ್ಟುಡಿಯೋದ ನಿರ್ದೇಶಕ ರೆಕ್ಸ್ ಇಂಗ್ರಮ್‌ಗೆ ಪರಿಚಯಿಸುವುದಾಗಿ ಮಾತು ಕೊಟ್ಟ. ಬಹುಶಃ ತಪ್ಪಿಸಿಕೊಳ್ಳಲು ಆಡಿದ ಮಾತಿರಬೇಕು. ಹುಡುಗಿ ಅದನ್ನು ನಂಬಿದಳು. ತಾಯಿಯನ್ನೂ ಕರೆದುಕೊಂಡು ಹಡಗು ಹತ್ತಿಯೇಬಿಟ್ಟಳು. ಅಲ್ಲಿ ಹೋಗಿ ನೋಡಿದರೆ ಫಿನ್ನಿಯ ಸುಳಿವಿಲ್ಲ. ಇಂಗ್ರಮ್‌ಗೆ ಒಂದು ಮಾತು ಹೇಳಿಟ್ಟಿದ್ದ, ಅಷ್ಟೇ. ಆ ಒಂದು ಮಾತಿನಿಂದ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಪಾತ್ರ ದೊರಕಿತು.

ಅಲ್ಲಿಂದ ಲಂಡನ್. 'ಕ್ವೀನಿ ಓಬ್ರಿಯನ್' ಎಂಬ ಹೆಸರಿನಲ್ಲಿ ಕೆಫೆ ದ ಪ್ಯಾರಿಸ್ ಎಂಬ ನೈಟ್‌ಕ್ಲಬ್ಬಿನಲ್ಲಿ ಅತಿಥಿಗಳನ್ನು ಉಪಚರಿಸುವ ಕೆಲಸ, ನಡುನಡುವೆ ಸಣ್ಣ ಪುಟ್ಟ ಪಾತ್ರಗಳು. ಕೊನೆಗೆ ಅಲೆಗ್ಸಾಂಡರ್ ಕೊರ್ಡಾ ಕಣ್ಣಿಗೆ ಬಿದ್ದಳು. ಕೊರ್ಡಾ ಹಂಗೇರಿಯ ಯಹೂದಿ, ಅವನೂ ಊರು ಬಿಟ್ಟು ಬಂದವನು, ಅವನೂ ಹೆಸರು ಬದಲಾಯಿಸಿಕೊಂಡವನು. ಬ್ರಿಟಿಷ್ ಸಾಮ್ರಾಜ್ಯದ ವೈಭವವನ್ನು ಬ್ರಿಟಿಷರಿಗಿಂತ ಚೆನ್ನಾಗಿ ಮಾರಬಲ್ಲವನು. 1933ರ 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಎಯ್ತ್' ಚಿತ್ರದಲ್ಲಿ ತಲೆ ಕಳೆದುಕೊಳ್ಳುವ ರಾಣಿ ಆನ್ ಬೊಲಿನ್ ಪಾತ್ರವನ್ನು ಅವಳಿಗೆ ಕೊಟ್ಟ. ತೆರೆಯ ಮೇಲಿದ್ದದ್ದು ಕೆಲವೇ ನಿಮಿಷ. ಜನ ಆ ಮುಖವನ್ನು ಮರೆಯಲಿಲ್ಲ. ಮರುವರ್ಷ 'ದಿ ಸ್ಕಾರ್ಲೆಟ್ ಪಿಂಪರ್ನೆಲ್'ನಲ್ಲಿ ಲೆಸ್ಲಿ ಹೊವಾರ್ಡ್‌ಗೆ ನಾಯಕಿಯಾದಳು. ಓಬ್ರಿಯನ್ ಅಷ್ಟು ಹೊತ್ತಿಗೆ ಒಬೆರಾನ್ ಆಗಿತ್ತು.

ಹೆಸರು ಬದಲಿಸಿಕೊಳ್ಳುವುದು ನಮ್ಮ ಸಿನಿಮಾಕ್ಕೂ ಹೊಸತಲ್ಲ. ಮರ್ಲ್ ಕಲ್ಕತ್ತದಲ್ಲಿ ಟೆಲಿಫೋನ್ ಕೆಲಸ ಮಾಡುವುದಕ್ಕೂ ಮೊದಲು ಬೊಂಬಾಯಿಯಲ್ಲಿ ಅದೇ ಕೆಲಸ ಮಾಡುತ್ತಿದ್ದ ರೂಬಿ ಮೈಯರ್ಸ್ ಎಂಬ ಯಹೂದಿ ಹುಡುಗಿ 'ಸುಲೋಚನಾ' ಆಗಿ ಮೂಕಿ ಚಿತ್ರಗಳ ದೊಡ್ಡ ತಾರೆಯಾದಳು. ಕಲ್ಕತ್ತದ ರೆನೀ ಸ್ಮಿತ್ 'ಸೀತಾದೇವಿ'ಯಾದಳು. ಆಮೇಲಿನ ಕಾಲದಲ್ಲಿ ಯೂಸುಫ್ ಖಾನ್ ದಿಲೀಪ್ ಕುಮಾರ್ ಆದರು, ಮುಮ್ತಾಜ್ ಜಹಾನ್ ಮಧುಬಾಲಾ ಆದಳು, ಮಹಜಬೀನ್ ಮೀನಾಕುಮಾರಿಯಾದಳು. ಇವುಗಳ ಹಿಂದೆ ಮಾರುಕಟ್ಟೆಯ ಲೆಕ್ಕಾಚಾರವಿತ್ತು, ಹೆದರಿಕೆಯೂ ಇತ್ತು. ಆದರೂ ಒಂದು ವ್ಯತ್ಯಾಸ ಉಂಟು. ದಿಲೀಪ್ ಕುಮಾರ್ ಯೂಸುಫ್ ಸಾಹೇಬರೆಂದು ಊರಿಗೆಲ್ಲ ಗೊತ್ತಿತ್ತು. ಹೆಸರು ಅಂಗಡಿಯ ಬೋರ್ಡಿನಂತೆ ಹೊರಗಿತ್ತು, ಮನೆ ಒಳಗೆ ಹಾಗೆಯೇ ಇತ್ತು. ಮರ್ಲ್ ವಿಷಯದಲ್ಲಿ ಮನೆಯನ್ನೇ ಅಳಿಸಬೇಕಾಯಿತು.

ಅದಕ್ಕಾಗಿ ಹೊಸ ಹುಟ್ಟೂರು ಹುಡುಕಲಾಯಿತು. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ನಗರ. ಲಂಡನ್ ಮತ್ತು ನ್ಯೂಯಾರ್ಕ್‌ಗಳಿಂದ ಯಾರೂ ಹೋಗಿ ವಿಚಾರಿಸದಷ್ಟು ದೂರ, ಮೂಲೆ ಮೂಲೆಯಲ್ಲೂ ಬ್ರಿಟಿಷ್ ಎಂದು ಹೆಸರಾದ ಜಾಗ. ಮರ್ಲ್ ಅಲ್ಲಿ ಹುಟ್ಟಿದಳು, ಅಪ್ಪ ಬೇಟೆಯಾಡುವಾಗ ಸತ್ತ, ಆಮೇಲೆ ಅವಳನ್ನು ಭಾರತದಲ್ಲಿದ್ದ ಸಿರಿವಂತ ಬಂಧುಗಳ ಮನೆಗೆ ಕಳಿಸಿದರು ಎಂದು ಕಥೆ ಕಟ್ಟಿದರು. ಈ ಕಥೆಯ ಜಾಣ್ಮೆಯನ್ನು ಗಮನಿಸಿ. ಭಾರತವನ್ನು ಪೂರ್ತಿ ತೆಗೆದುಹಾಕಿಲ್ಲ. ಕಲ್ಕತ್ತದಲ್ಲಿ ಅವಳನ್ನು ಕಂಡವರು ಯಾರಾದರೂ ಎದುರಾದರೆ ಬೇಕಾಗುತ್ತದೆಂದು ಅದನ್ನು ಉಳಿಸಿಕೊಂಡಿದ್ದಾರೆ. ತೆಗೆದುಹಾಕಿದ್ದು ತಾಯಿಯನ್ನು ಮಾತ್ರ. ಕಥೆಗಾರನಾಗಿ ಹೇಳುವುದಾದರೆ, ಒಳ್ಳೆಯ ಸುಳ್ಳಿನಲ್ಲಿ ಮುಕ್ಕಾಲು ಭಾಗ ನಿಜವೇ ಇರುತ್ತದೆ.

ಇಷ್ಟೆಲ್ಲ ಬೇಕಿತ್ತೇ ಎಂದು ಇಂದು ಕೇಳುವುದು ಸುಲಭ. 1934ರ ಕೊನೆಗೆ ಮರ್ಲ್ ಅಮೆರಿಕಕ್ಕೆ ಹೋದಾಗ ಅಲ್ಲಿನ ಕಾನೂನು ಹೇಗಿತ್ತು ನೋಡೋಣ. 1917ರ ವಲಸೆ ಕಾಯಿದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರು ಬಂದು ನೆಲೆಸದಂತೆ ಬಾಗಿಲು ಹಾಕಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಸಿಖ್ ಗೃಹಸ್ಥನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು 'ಬಿಳಿಯರು' ಅಲ್ಲ, ಆದ್ದರಿಂದ ಪೌರರಾಗಲಾರರು ಎಂದು ತೀರ್ಪು ಕೊಟ್ಟಿತ್ತು. ಆ ಬಾಗಿಲು ತುಸುವೇ ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ. ಇನ್ನು ಸಿನಿಮಾದ ಒಳಗಿನ ಕಟ್ಟಳೆ. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಹಾಲಿವುಡ್ಡಿನ ನೀತಿಸಂಹಿತೆ ಬಿಳಿಯರು ಮತ್ತು ಕರಿಯರ ನಡುವಿನ ದಾಂಪತ್ಯ, ಪ್ರಣಯಗಳನ್ನು ತೆರೆಯ ಮೇಲೆ ತೋರಿಸುವುದನ್ನು ನಿಷೇಧಿಸಿತ್ತು. ಸ್ಟುಡಿಯೋಗಳು ಅದನ್ನು ಏಷ್ಯನ್ನರಿಗೂ ಅನ್ವಯಿಸಿಕೊಂಡವು. ಚೀನೀ ಮೂಲದ ಅನ್ನಾ ಮೇ ವಾಂಗ್ ಆಗ ಹೆಸರಾಂತ ನಟಿ. ಚೀನೀ ರೈತರ ಬದುಕನ್ನು ಕುರಿತ 'ದಿ ಗುಡ್ ಅರ್ಥ್' ಚಿತ್ರದ ನಾಯಕಿ ಪಾತ್ರ ಅವಳಿಗೆ ಸಿಗಲಿಲ್ಲ. ನಾಯಕನ ಪಾತ್ರದಲ್ಲಿ ಬಿಳಿಯ ನಟನಿದ್ದ. ಬಣ್ಣ ಬಳಿದುಕೊಂಡು ಚೀನೀ ಹೆಂಗಸಾದ ಲೂಯೀಸ್ ರೈನರ್‌ಗೆ ಆಸ್ಕರ್ ಬಂತು. ಮರ್ಲ್ ನಿಜ ಹೇಳಿದ್ದರೆ ಅವಳ ಗತಿ ಅನ್ನಾ ಮೇ ವಾಂಗ್‌ಗಿಂತ ಉತ್ತಮವಾಗುತ್ತಿರಲಿಲ್ಲ. ಪ್ರಾಯಶಃ ಅಷ್ಟೂ ಇರುತ್ತಿರಲಿಲ್ಲ.

ಹಾಗಾಗಿ ಶಾರ್ಲಟ್ ಸೆಲ್ಬಿ ಮಗಳ ಮನೆಯಲ್ಲಿ ಕೆಲಸದಾಕೆಯಾದಳು. ಲಂಡನ್ನಿನ ಮನೆಗೆ ಬಂದ ಅತಿಥಿಗಳು ಆಕೆಯನ್ನು ಹಾಗೆಂದೇ ತಿಳಿದಿದ್ದರು. ಮರ್ಲ್ ಒಬೆರಾನ್ ಕುರಿತು ಓದಿದ್ದರಲ್ಲೆಲ್ಲ ನನ್ನನ್ನು ಬಹಳ ಕಾಡಿದ ಸಂಗತಿ ಇದು. ಚಿತ್ರಗಳು, ಗಂಡಂದಿರು, ಒಡವೆಗಳು ಎಲ್ಲ ಮರೆತುಹೋಗುತ್ತವೆ. ಅತಿಥಿಗಳು ಹೋದ ಮೇಲೆ, ಬಾಗಿಲು ಹಾಕಿಕೊಂಡ ಮೇಲೆ, ಆ ಇಬ್ಬರು ಹೆಂಗಸರು ಏನು ಮಾತಾಡಿಕೊಳ್ಳುತ್ತಿದ್ದರು? ಯಾವ ಭಾಷೆಯಲ್ಲಿ? ಶಾರ್ಲಟ್ ಒಂದು ಸಾಲನ್ನೂ ಬರೆದಿಟ್ಟು ಹೋಗಲಿಲ್ಲ. ಅವಳು ಇದಕ್ಕೆ ಒಪ್ಪಿದ್ದು ಮಗಳ ಮೇಲಿನ ಮಮತೆಯಿಂದಲೋ, ಬೇರೆ ದಾರಿಯಿಲ್ಲದೆಯೋ ಎಂಬುದಕ್ಕೂ ಉತ್ತರವಿಲ್ಲ. 1937ರಲ್ಲಿ ಅವಳು ತೀರಿಕೊಂಡಳು.

ವಿಚಿತ್ರವೆಂದರೆ ಮರ್ಲ್ ಹಾಲಿವುಡ್ಡಿಗೆ ಕಾಲಿಟ್ಟ ದಿನಗಳಲ್ಲೇ ಅಲ್ಲಿ ಇಂಥದ್ದೇ ಕಥೆಯ ಚಿತ್ರವೊಂದು ತೆರೆಕಂಡಿತು. 1934ರ 'ಇಮಿಟೇಶನ್ ಆಫ್ ಲೈಫ್'. ಬೆಳ್ಳಗೆ ಹುಟ್ಟಿದ ಮಗಳು ಕರಿಯಳಾದ ತಾಯಿಯನ್ನು ತನ್ನವಳಲ್ಲ ಎನ್ನುವ ಕಥೆ. ಮಗಳ ಪಾತ್ರ ಮಾಡಿದ ಫ್ರೆಡಿ ವಾಷಿಂಗ್ಟನ್ ನಿಜಜೀವನದಲ್ಲೂ ಬಿಳಿಯಳೆಂದು ಹೇಳಿಕೊಳ್ಳಬಹುದಾದಷ್ಟು ಬೆಳ್ಳಗಿದ್ದವಳು. ಹಾಗೆ ಹೇಳಿಕೊಳ್ಳಲು ಆಕೆ ಒಪ್ಪಲಿಲ್ಲ. ತಾನು ಕರಿಯಳು ಎಂದೇ ಸಾರಿದಳು. ಕೆಲವು ವರ್ಷಗಳಲ್ಲಿ ಆಕೆಯ ಸಿನಿಮಾ ಬದುಕು ಮುಗಿದುಹೋಯಿತು. ಫ್ರೆಡಿಯ ಧೈರ್ಯವನ್ನು ಮೆಚ್ಚುವುದು ಸರಿಯೇ. ಅದರ ಬೆಲೆಯನ್ನೂ ನೆನಪಿಡಬೇಕು.

ಆರಂಭದಲ್ಲಿ ಮರ್ಲ್‌ಗೆ ಸಿಕ್ಕಿದ್ದು 'ಪೂರ್ವದೇಶದ ಚೆಲುವೆ'ಯ ಪಾತ್ರಗಳು. ಒಂದು ಚಿತ್ರದಲ್ಲಿ ಜಪಾನೀ ಹೆಂಗಸಾಗಿ ನಟಿಸಿದಳು. ಅವಳ ಕಣ್ಣುಗಳ ಓರೆಯನ್ನು ಬಣ್ಣ ಬಳಿದು ಎದ್ದು ಕಾಣಿಸುತ್ತಿದ್ದರು. ಕೊರ್ಡಾ ಜೊತೆಗೆ ಅವಳ ಕರಾರನ್ನು ಹಂಚಿಕೊಂಡ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಇದನ್ನೆಲ್ಲ ತೊಳೆಸಿದ. 'ದಿ ಡಾರ್ಕ್ ಏಂಜೆಲ್'ನಲ್ಲಿ ಅವಳು ಯುದ್ಧಕ್ಕೆ ಹೋದ ಪ್ರಿಯಕರನಿಗಾಗಿ ಕಾಯುವ ಅಪ್ಪಟ ಇಂಗ್ಲಿಷ್ ಹುಡುಗಿ. ಪಾತ್ರ ಗೆದ್ದಿತು, ಆಸ್ಕರ್ ಪಟ್ಟಿಯಲ್ಲಿ ಹೆಸರು ಬಂತು. ಮರುವರ್ಷ ವಿಲಿಯಂ ವೈಲರ್ ನಿರ್ದೇಶನದ 'ದೀಸ್ ತ್ರೀ'. 1937ರಲ್ಲಿ ಲಂಡನ್ನಿಗೆ ಮರಳಿ ಕೊರ್ಡಾನ 'ಐ, ಕ್ಲಾಡಿಯಸ್'ನಲ್ಲಿ ನಟಿಸುತ್ತಿದ್ದಾಗ ಕಾರು ಅಪಘಾತವಾಯಿತು. ಮುಖಕ್ಕೆ ಗಾಯ. ಚಿತ್ರ ಅರ್ಧಕ್ಕೇ ನಿಂತಿತು, ಮತ್ತೆ ಪೂರ್ಣವಾಗಲೇ ಇಲ್ಲ.

ಇಲ್ಲಿ ನಮ್ಮ ಮೈಸೂರಿನ ಒಬ್ಬ ಹುಡುಗನ ಮಾತು ಬರಬೇಕು. ಕೊರ್ಡಾನ ಕಂಪೆನಿಯವರು ಕಿಪ್ಲಿಂಗ್ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರು ಸಂಸ್ಥಾನಕ್ಕೆ ಬಂದಿದ್ದರು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ. ಕಾಕನಕೋಟೆಯ ಕಾಡಿಗೆ ಹತ್ತಿರದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಹಾರಾಜರ ಆನೆ ನೋಡಿಕೊಳ್ಳುವ ಮುಸ್ಲಿಂ ಮಾವುತನ ಮಗ, ತಬ್ಬಲಿ ಹುಡುಗ. ಅವನನ್ನೇ ನಾಯಕನನ್ನಾಗಿ ಮಾಡಿ 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆಯಾಯಿತು. ಸಾಬು ರಾತ್ರೋರಾತ್ರಿ ಜಗತ್ಪ್ರಸಿದ್ಧನಾದ. 1938ರಲ್ಲಿ ಲಂಡನ್ ಬಳಿಯ ಡೆನ್‌ಹಮ್ ಸ್ಟುಡಿಯೋದಿಂದ ಕೊರ್ಡಾನ ಎರಡು ವರ್ಣಚಿತ್ರಗಳು ಹೊರಬಂದವು. ಒಂದು 'ದಿ ಡೈವೋರ್ಸ್ ಆಫ್ ಲೇಡಿ ಎಕ್ಸ್'. ಅದರಲ್ಲಿ ಲಾರೆನ್ಸ್ ಒಲಿವಿಯರ್ ಎದುರು ಮರ್ಲ್ ಉಚ್ಚಕುಲದ ಇಂಗ್ಲಿಷ್ ತರುಣಿ. ಇನ್ನೊಂದು 'ದಿ ಡ್ರಮ್'. ಅದರಲ್ಲಿ ಸಾಬು ಬ್ರಿಟಿಷರಿಗೆ ನಿಷ್ಠನಾದ ಗಡಿಪ್ರಾಂತ್ಯದ ರಾಜಕುಮಾರ. ಈ ಎರಡನೆಯ ಚಿತ್ರ ಬೊಂಬಾಯಿಗೆ ಬಂದಾಗ, ಪಠಾಣರನ್ನೂ ಮುಸ್ಲಿಮರನ್ನೂ ಕೀಳಾಗಿ ತೋರಿಸಿದ್ದಾರೆಂದು ಜನ ಬೀದಿಗಿಳಿದು ಪ್ರತಿಭಟಿಸಿದರು.

ಒಬ್ಬನೇ ಯಜಮಾನ, ಒಂದೇ ಸ್ಟುಡಿಯೋ, ಹಿಂದೂಸ್ತಾನದಿಂದ ಬಂದ ಇಬ್ಬರು. ಸಾಬುವಿನ ಮೈಬಣ್ಣ, ಬರಿಮೈ, ಮುಂಡಾಸು ಇವೇ ಅವನ ಬಂಡವಾಳ. ಅವನು ಹಿಂದೂಸ್ತಾನಿ ಎಂದು ಎಷ್ಟು ಜೋರಾಗಿ ಸಾರಿದರೆ ಅಷ್ಟು ಟಿಕೇಟು ಮಾರಾಟವಾಗುತ್ತಿದ್ದವು. ಮರ್ಲ್ ಹಿಂದೂಸ್ತಾನದವಳೆಂದು ಪಿಸುಗುಟ್ಟಿದರೂ ಟಿಕೇಟು ಮಾರುತ್ತಿರಲಿಲ್ಲ. ಅವನಿಗೆ ಆನೆ, ಹಾವು, ಮಾಯಾಚಾಪೆಗಳ ಪಕ್ಕ ನಿಲ್ಲಲು ಅನುಮತಿಯಿತ್ತು, ಬಿಳಿಯ ನಾಯಕಿಯ ಪಕ್ಕ ನಿಲ್ಲಲು ಇರಲಿಲ್ಲ. ಅವಳಿಗೆ ಬಿಳಿಯ ನಾಯಕನ ಪಕ್ಕ ನಿಲ್ಲಲು ಅನುಮತಿ ಸಿಕ್ಕಿತು, ಅಮ್ಮನ ಪಕ್ಕ ನಿಲ್ಲಲು ಸಿಗಲಿಲ್ಲ. ಸಾಬು 1944ರಲ್ಲಿ ಅಮೆರಿಕದ ಪೌರನಾದ. ಅಲ್ಲಿನ ವಾಯುಸೇನೆ ಸೇರಿ ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಮೆಷಿನ್‌ಗನ್ ಹಾರಿಸಿ ಪದಕ ಗಳಿಸಿದ. ಹಿಂದಿರುಗಿ ಬಂದ ಮೇಲೂ ಹಾಲಿವುಡ್ ಅವನಿಗೆ ಕೊಟ್ಟದ್ದು ಅವೇ ಕಾಡು, ಅವೇ ಮುಂಡಾಸು. 1963ರಲ್ಲಿ, 39ರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ.

ಮರ್ಲ್ ಎಂದರೆ ಇಂದಿಗೂ ಜನ ನೆನೆಯುವುದು 1939ರ 'ವುದರಿಂಗ್ ಹೈಟ್ಸ್'. ಎಮಿಲಿ ಬ್ರಾಂಟೆಯ ಕಾದಂಬರಿ ಆಧರಿಸಿದ ಈ ಚಿತ್ರದ ನಿರ್ದೇಶಕ ವೈಲರ್, ಹೀಥ್‌ಕ್ಲಿಫ್ ಪಾತ್ರದಲ್ಲಿ ಒಲಿವಿಯರ್, ಕ್ಯಾಥಿಯಾಗಿ ಮರ್ಲ್. ಕಾದಂಬರಿಯಲ್ಲಿ ಹೀಥ್‌ಕ್ಲಿಫ್ ಲಿವರ್‌ಪೂಲ್ ಬಂದರಿನ ಬೀದಿಯಲ್ಲಿ ಸಿಕ್ಕ ಕಪ್ಪು ಬಣ್ಣದ ಅನಾಥ ಹುಡುಗ. ಅವನು 'ಲಾಸ್ಕರ್' ಇರಬಹುದೇ ಎಂದು ಅಲ್ಲಿನ ಒಂದು ಪಾತ್ರ ಊಹಿಸುತ್ತದೆ. ಲಾಸ್ಕರ್ ಎಂದರೆ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಹಿಂದೂಸ್ತಾನದ ಕಡೆಯ ಖಲಾಸಿ. ನಮ್ಮ 'ಲಷ್ಕರ್' ಪದವೇ ಬಂದರು ದಾಟಿ ಹಾಗಾಗಿದೆ. ಅಂದರೆ ಬರಹದಲ್ಲಿ ಕಪ್ಪು ಬಣ್ಣದವನಾದ, ಬಹುಶಃ ನಮ್ಮ ಕಡೆಯವನಾದ ಹೀಥ್‌ಕ್ಲಿಫ್ ಪಾತ್ರವನ್ನು ಬಿಳಿಯ ಇಂಗ್ಲಿಷ್ ನಟ ಮಾಡಿದ. ಅವನನ್ನು ಪ್ರೀತಿಸಿಯೂ ಮದುವೆಯಾದರೆ ತನ್ನ ಅಂತಸ್ತು ಇಳಿಯುತ್ತದೆಂದು ಹಿಂಜರಿಯುವ ಬಿಳಿಯ ಹುಡುಗಿಯ ಪಾತ್ರವನ್ನು ಬೊಂಬಾಯಿಯ ಯುರೇಷಿಯನ್ ಹುಡುಗಿ ಮಾಡಿದಳು. ಆ ಹಿಂಜರಿಕೆಯನ್ನು ಅವಳು ಎಲ್ಲಿಂದಲೂ ಕಲಿಯಬೇಕಾಗಿರಲಿಲ್ಲ. ಚಿತ್ರಕ್ಕೆ ಎಂಟು ಆಸ್ಕರ್ ನಾಮನಿರ್ದೇಶನಗಳು ಬಂದವು, ಮರ್ಲ್‌ಗೆ ಬರಲಿಲ್ಲ. ನನಗೆ ಅದು ಅನ್ಯಾಯವೆನ್ನಿಸುತ್ತದೆ. ಒಲಿವಿಯರ್ ಅಬ್ಬರಿಸುವ ಕಡೆಗಳಲ್ಲಿ ಆಕೆ ಕಣ್ಣಲ್ಲೇ ಕೆಲಸ ಮುಗಿಸುತ್ತಾಳೆ.

ಒಲಿವಿಯರ್‌ಗೆ ಆ ಪಾತ್ರಕ್ಕೆ ಬೇಕಾಗಿದ್ದವಳು ಅವನ ಪ್ರೇಯಸಿ ವಿವಿಯನ್ ಲೀ. ಅವಳಿಗೆ ಎರಡನೆಯ ನಾಯಕಿಯ ಪಾತ್ರ ಮಾತ್ರ ಸಿಗುವುದೆಂದಾಗ ಅದನ್ನು ಬಿಟ್ಟಳು. ಅದೇ ವರ್ಷ 'ಗಾನ್ ವಿತ್ ದ ವಿಂಡ್' ಚಿತ್ರದಿಂದ ಎಲ್ಲರನ್ನೂ ಮೀರಿಸಿದಳು. ವಿವಿಯನ್ ಲೀ ಹುಟ್ಟಿದ್ದು 1913ರಲ್ಲಿ, ಡಾರ್ಜಿಲಿಂಗಿನಲ್ಲಿ. ಇದನ್ನು ಯಾರೂ ಮುಚ್ಚಿಡಲಿಲ್ಲ. ಭಾರತದಲ್ಲಿ ಹುಟ್ಟುವುದು ಅವಮಾನವಾಗಿರಲಿಲ್ಲ, ಆಗಿನ ಇಂಗ್ಲಿಷರ ಕಣ್ಣಲ್ಲಿ ಅದೊಂದು ಮೆರುಗೇ ಆಗಿತ್ತು. ಯಾರ ಹೊಟ್ಟೆಯಲ್ಲಿ ಹುಟ್ಟಿದಿರಿ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತಿತ್ತು.

1939ರಲ್ಲಿ ಕೊರ್ಡಾ ಮತ್ತು ಮರ್ಲ್ ಮದುವೆಯಾದರು. 1942ರಲ್ಲಿ ಅವನಿಗೆ ಸರ್ ಪದವಿ ಬಂದಾಗ ಕಲ್ಕತ್ತದ ಟೆಲಿಫೋನ್ ಹುಡುಗಿ ಲೇಡಿ ಕೊರ್ಡಾ ಆದಳು. ಆದರೆ ಚರ್ಮ ಮಾತು ಕೇಳುತ್ತಿರಲಿಲ್ಲ. ಬಿಳುಪಿಗಾಗಿ ಹಚ್ಚಿದ ಪ್ರಸಾಧನಗಳ ನಂಜು, ಔಷಧಿಯ ಅಲರ್ಜಿ ಎರಡೂ ಸೇರಿ 1940ರಲ್ಲಿ ಮುಖವೆಲ್ಲ ಹಾಳಾಯಿತು. ನ್ಯೂಯಾರ್ಕಿನ ವೈದ್ಯರು ಚರ್ಮವನ್ನು ಉಜ್ಜಿ ತೆಗೆಯುವ ಚಿಕಿತ್ಸೆ ಮಾಡಿದರು. ಕಲೆಗಳು ಪೂರ್ತಿ ಹೋಗಲಿಲ್ಲ. ನಮ್ಮ ಮನೆಗಳಲ್ಲೂ 'ಗೋರಾ ರಂಗ್' ಎಂಬ ಮಾತಿಗೆ ಎಷ್ಟು ಬೆಲೆಯಿದೆ ಎಂಬುದು ಹೆಣ್ಣು ನೋಡಲು ಹೋದವರಿಗೆಲ್ಲ ಗೊತ್ತು. 1975ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆಯಲು 2020ರವರೆಗೆ ಕಾಯಬೇಕಾಯಿತು. ಹಾಲಿವುಡ್ ಮಾತ್ರ ಈ ಕೆಲಸವನ್ನು ಬೆಳಕಿನಿಂದ ಮಾಡಿತು. 1944ರ 'ದಿ ಲಾಡ್ಜರ್' ಚಿತ್ರದಲ್ಲಿ ಛಾಯಾಗ್ರಾಹಕ ಲೂಸಿಯನ್ ಬಲಾರ್ಡ್ ಕ್ಯಾಮೆರಾದ ಮಗ್ಗುಲಿಗೇ ಒಂದು ದೀಪವನ್ನು ಜೋಡಿಸಿ ಅವಳ ಮುಖದ ಮೇಲೆ ನೇರ ಬಿಟ್ಟ. ಆ ಬೆಳಕಿನಲ್ಲಿ ಕಲೆಗಳು ಅಳಿಸಿಹೋದವು, ಮುಖ ಹಾಲುಬಿಳುಪಾಯಿತು. ಅವಳ ಹೆಸರಿನಿಂದಲೇ ಆ ದೀಪಕ್ಕೆ 'ಓಬಿ' ಎಂದು ಹೆಸರಾಯಿತು. ಛಾಯಾಗ್ರಾಹಕರು ಇಂದಿಗೂ ಆ ಪದವನ್ನು ಬಳಸುತ್ತಾರೆ. 1945ರಲ್ಲಿ ಕೊರ್ಡಾನಿಂದ ಬಿಡುಗಡೆ ಪಡೆದು ಅವಳು ಆ ದೀಪ ಜೋಡಿಸಿದವನನ್ನೇ ಮದುವೆಯಾದಳು.

ಆಮೇಲಿನ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 'ಎ ಸಾಂಗ್ ಟು ರಿಮೆಂಬರ್' (1945) ಮತ್ತು ಮರ್ಲನ್ ಬ್ರಾಂಡೋ ಜೊತೆಗಿನ 'ದೇಸಿರೇ' (1954) ಚಿತ್ರಗಳನ್ನು ಬಿಟ್ಟರೆ ಉಳಿದವು ಮರೆಯಬಹುದಾದವು. ಬಲಾರ್ಡ್ ಜೊತೆಗಿನ ಮದುವೆ 1949ಕ್ಕೆ ಮುಗಿಯಿತು. 1957ರಲ್ಲಿ ಮೆಕ್ಸಿಕೋದ ಸಿರಿವಂತ ಉದ್ಯಮಿ ಬ್ರೂನೋ ಪಾಲ್ಯಾಯಿಯನ್ನು ಮದುವೆಯಾಗಿ ಇಬ್ಬರು ಮಕ್ಕಳನ್ನು ದತ್ತು ಪಡೆದಳು. ಅದೂ ಮುರಿದ ಮೇಲೆ, 1975ರಲ್ಲಿ, ತನಗಿಂತ ಬಹಳ ಚಿಕ್ಕವನಾದ ನಟ ರಾಬರ್ಟ್ ವೋಲ್ಡರ್ಸ್ ಕೈ ಹಿಡಿದಳು.

1949ರಲ್ಲಿ ಮಾಡಿದ ಒಂದು ಕೆಲಸವನ್ನು ಮಾತ್ರ ಹೇಳಲೇಬೇಕು. ತಾಯಿ ಸತ್ತು ಹನ್ನೆರಡು ವರ್ಷ ಕಳೆದ ಮೇಲೆ ಮರ್ಲ್ ಒಂದು ಹಳೆಯ ಫೋಟೋವನ್ನು ಚಿತ್ರಕಾರನಿಗೆ ಕೊಟ್ಟು ಶಾರ್ಲಟ್‌ಳ ವರ್ಣಚಿತ್ರ ಮಾಡಿಸಿದಳು. ಮೈಬಣ್ಣವನ್ನು ತಿಳಿಯಾಗಿಸಬೇಕೆಂದು ತಾನೇ ಹೇಳಿದಳು. ಅವಳು ಬದಲಿಸಿದ ಮನೆಗಳಲ್ಲೆಲ್ಲ, ಕೊನೆಯತನಕ, ಆ ಚಿತ್ರ ತೂಗುತ್ತಿತ್ತು. ಬದುಕಿದ್ದಾಗ ಕೆಲಸದಾಕೆಯಾಗಿದ್ದವಳು ಬೆಳ್ಳಗಾದ ಮೇಲೆ ತಾಯಿಯಾಗಿ ಹಾಲಿನ ಗೋಡೆಗೆ ಬಂದಳು. ಇದನ್ನು ಕ್ರೌರ್ಯವೆನ್ನಬೇಕೋ ಪ್ರೀತಿಯೆನ್ನಬೇಕೋ ತಿಳಿಯುವುದಿಲ್ಲ. ಪೂರ್ತಿ ಮರೆಯಬೇಕೆಂದಿದ್ದರೆ ಚಿತ್ರ ಮಾಡಿಸುವ ಅಗತ್ಯವೇ ಇರಲಿಲ್ಲ.

ಆದರೆ ಶಾರ್ಲಟ್ ಅವಳ ತಾಯಿಯೂ ಅಲ್ಲ, ಅಜ್ಜಿ. ಹೆತ್ತವಳು ಶಾರ್ಲಟ್‌ಳ ಮಗಳು ಕಾನ್ಸ್ಟನ್ಸ್, ಆಗಿನ್ನೂ ಹನ್ನೆರಡು ಹದಿನಾಲ್ಕರ ಹುಡುಗಿ. ತಂದೆ ಎಂದು ಹೇಳಲಾದ ಆರ್ಥರ್ ಥಾಂಪ್ಸನ್ ಶಾರ್ಲಟ್‌ಳ ಜೊತೆ ಬಾಳುತ್ತಿದ್ದವನು. ಆ ಮನೆಯಲ್ಲಿ ಆ ಹುಡುಗಿಗೆ ಏನಾಗಿತ್ತು ಎಂಬುದನ್ನು ಇಷ್ಟರಿಂದಲೇ ಊಹಿಸಬಹುದು. ಮನೆಮಾತು ಬೀದಿಗೆ ಬರಬಾರದೆಂದು ಅಜ್ಜಿ ಮಗುವನ್ನು ತನ್ನದೆಂದು ಸಾಕಿದಳು. ಕಾನ್ಸ್ಟನ್ಸ್ ಮುಂದೆ ಮದುವೆಯಾಗಿ ಬೇರೆ ಮಕ್ಕಳನ್ನು ಹೆತ್ತಳು. ಅವರಲ್ಲೊಬ್ಬ ಮಗ ಬಹಳ ವರ್ಷಗಳ ಮೇಲೆ ಬೊಂಬಾಯಿಯ ಸರ್ಕಾರಿ ದಾಖಲೆಗಳಲ್ಲಿ ಮರ್ಲ್‌ಳ ಜನನಪತ್ರ ಹುಡುಕಿ ತೆಗೆದ. ದೊಡ್ಡಮ್ಮ ಚಿಕ್ಕಮ್ಮನ ಸಾಲಿನವಳೆಂದುಕೊಂಡಿದ್ದ ತಾರೆ ತನ್ನ ತಾಯಿಯ ಮಗಳು, ತನ್ನ ಸ್ವಂತ ಅಕ್ಕ ಎಂದು ಅವನಿಗೆ ಗೊತ್ತಾದದ್ದು ಆಗ. ಅವಳನ್ನು ಕಾಣಲು ಲಾಸ್ ಏಂಜಲೀಸ್‌ಗೆ ಹೋದ. ಅವಳು ಭೇಟಿ ಕೊಡಲಿಲ್ಲ. ಬಾಗಿಲಿಂದಲೇ ಹಿಂದಿರುಗಿದ ಆ ತಮ್ಮ, ಮರ್ಲ್ ಸತ್ತ ಮೇಲೆ ಜೀವನಚರಿತ್ರೆ ಬರೆಯಲು ಬಂದ ಲೇಖಕನಿಗೂ ಈ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಅವಳು ಮುರಿಯದ ಮಾತನ್ನು ತಾನೂ ಮುರಿಯಬಾರದೆಂದುಕೊಂಡನೋ ಏನೋ. ತಾನು ಕರೆಯದ ಮನೆಯಿಂದ ಇಷ್ಟು ಮರ್ಯಾದೆ ಸಿಕ್ಕಿದ್ದು ಅವಳಿಗೆ ತಿಳಿಯಲೇ ಇಲ್ಲ.

1978ರಲ್ಲಿ ಹೋಬಾರ್ಟ್ ನಗರ ತನ್ನ 'ಮಗಳನ್ನು' ಸನ್ಮಾನಕ್ಕೆ ಕರೆಯಿತು. ಅಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದವಳು ಯಾಕೋ ಒಪ್ಪಿ ಹೋದಳು. ಅಲ್ಲಿ ದಾಖಲೆ ಹುಡುಕಿದವರಿಗೆ ಅವಳ ಹುಟ್ಟಿನ ಕುರುಹು ಸಿಕ್ಕಿರಲಿಲ್ಲ. ಆದರೆ ಆಹ್ವಾನ ಹೊರಟಾಗಿತ್ತು. ಸನ್ಮಾನಕ್ಕೆ ಬಂದ ಸ್ವಲ್ಪ ಹೊತ್ತಿಗೆ ಅವಳು ತಾನು ಹುಟ್ಟಿದ್ದು ಇಲ್ಲಲ್ಲ ಎಂದುಬಿಟ್ಟಳು. ಮೈ ಸರಿಯಿಲ್ಲವೆಂದು ಎದ್ದು ಹೋದಳು. ಉಳಿದ ದಿನಗಳನ್ನು ಹೋಟೆಲಿನ ಕೋಣೆಯಲ್ಲೇ ಕಳೆದಳು. ಆದರೆ ಹುಟ್ಟಿದ್ದು ಎಲ್ಲಿ ಎಂದು ಆಗಲೂ ಹೇಳಲಿಲ್ಲ.

ಮರುವರ್ಷ, 1979ರ ನವೆಂಬರ್ 23ರಂದು, ಕ್ಯಾಲಿಫೋರ್ನಿಯಾದ ಮಲಿಬುವಿನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡಳು. 1983ರಲ್ಲಿ ಚಾರ್ಲ್ಸ್ ಹೈಯಮ್ ಮತ್ತು ರಾಯ್ ಮೋಸ್ಲಿ ಬರೆದ ಜೀವನಚರಿತ್ರೆ ಬೊಂಬಾಯಿಯ ಸಂಗತಿಯನ್ನು ಹೊರಗೆಡಹಿತು. ಕೊರ್ಡಾನ ಅಣ್ಣನೋ ತಮ್ಮನೋ ಎಂದು ಕೇಳಬೇಡಿ, ಮನೆಯವನೇ ಆದ ಮೈಕೇಲ್ ಕೊರ್ಡಾ ಎರಡು ವರ್ಷಗಳಲ್ಲಿ 'ಕ್ವೀನಿ' ಎಂಬ ಕಾದಂಬರಿ ಬರೆದ. ಸಂಬಂಧದಲ್ಲಿ ಅವನು ಅಲೆಗ್ಸಾಂಡರನ ತಮ್ಮನ ಮಗ. ಕಾನ್ಸ್ಟನ್ಸ್‌ಳ ವಿಷಯವನ್ನು ಆ ತಮ್ಮ ಬಾಯಿಬಿಟ್ಟು ಹೇಳಿದ್ದು ಆಸ್ಟ್ರೇಲಿಯಾದ ಮಾರೇ ಡೆಲೋಫ್‌ಸ್ಕಿ ತೆಗೆದ 'ದಿ ಟ್ರಬಲ್ ವಿತ್ ಮರ್ಲ್' (2002) ಎಂಬ ಸಾಕ್ಷ್ಯಚಿತ್ರಕ್ಕೆ. ಅದೇ ಚಿತ್ರದಲ್ಲಿ ಇನ್ನೊಂದು ಸೋಜಿಗವಿದೆ. ಟಾಸ್ಮೇನಿಯಾದ ಸೇಂಟ್ ಹೆಲೆನ್ಸ್ ಎಂಬ ಊರಿನ ಕಡೆಯ ಜನ ಮರ್ಲ್ ನಮ್ಮವಳೇ ಎಂದು ಇನ್ನೂ ನಂಬಿದ್ದರು. ಅವರ ಪ್ರಕಾರ ಆಕೆ ಅಲ್ಲಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಚೀನೀ ಮೂಲದ ಹೆಂಗಸಿನ ಮಗಳು. ಬಿಳಿಯಳೆನ್ನಿಸಿಕೊಳ್ಳಲು ಆರಿಸಿದ ಊರಿನಲ್ಲೂ ಜನ ಅವಳಿಗೆ ಬಿಳಿಯಳಲ್ಲದ, ಕೆಲಸದಾಕೆಯಾದ ತಾಯಿಯನ್ನೇ ಕಲ್ಪಿಸಿಕೊಟ್ಟಿದ್ದರು.

2025ರಲ್ಲಿ ಮಯೂಖ್ ಸೇನ್ ಬರೆದ 'ಲವ್, ಕ್ವೀನಿ' ಬಂತು. ಅವಳನ್ನು ಸುಳ್ಳುಗಾತಿಯೆಂದು ನೋಡದೆ, ಸುಳ್ಳನ್ನು ಹೇಳಿಸಿದ ಕಾಲದ ಜೊತೆಗಿಟ್ಟು ನೋಡುವ ಪುಸ್ತಕ. ಹಾಲಿವುಡ್ಡಿನ ಪ್ರಸಿದ್ಧ ಕಾಲುದಾರಿಯ ನೆಲದಲ್ಲಿ ಕೂಡಿಸಿದ ನಕ್ಷತ್ರಗಳ ಸಾಲಿನಲ್ಲಿ ಮರ್ಲ್ ಒಬೆರಾನ್ ಹೆಸರಿನದೂ ಒಂದಿದೆ. ಅದೇ ಬೀದಿಯಲ್ಲಿ ಕಾರಾಪುರದ ಹುಡುಗನ ನಕ್ಷತ್ರವೂ ಇದೆ, ಅದರ ಮೇಲೆ ಬರಿದೇ 'ಸಾಬು' ಎಂದು ಬರೆದಿದೆ.